ಗಾಡಿಯ ಮೇಲುಳಿದ ನಕ್ಷತ್ರದ ಗುರುತು

ಅಮ್ಮ ತೀರ್ಥಹಳ್ಳಿಯಿಂದ ಬಂದ ಮೂರನೇ ದಿನ ಅವಳನ್ನು ಮನೆ ಪಕ್ಕ ನಿಲ್ಲಿಸಿದ್ದ ಹಳೇ ಆಂಬುಲೆನ್ಸ್ ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಹಿಂದಿನ ಎರಡೂ ಬಾಗಿಲು ತೆಗೆದು, ಒಳಗೆ ದೀಪ ಹಾಕಿ, "ಹತ್ತಮ್ಮ" ಅಂದೆ. ಅಮ್ಮ ಹತ್ತಲಿಲ್ಲ. ಕೆಳಗೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು. "ಎಷ್ಟು ಜನ ಹೋಗಿರ್ತಾರೋ ಇದರಲ್ಲಿ" ಅಂದಳು.

ಹೋಗುವುದು ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಅಮ್ಮ ಹೇಳಿದ್ದು ಎರಡನೆಯದನ್ನು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ತಿಂಗಳು ಆ ಗಾಡಿಯೊಳಗೆ ಮಂಡಿಯೂರಿ ಕೂತು ವೈರ್ ಎಳೆದಿದ್ದೆ, ಪ್ಲೈವುಡ್ ಕೊಯ್ದಿದ್ದೆ, ರಿವೆಟ್ ಹೊಡೆದಿದ್ದೆ. ಅಮ್ಮ ಕೇಳಿದ್ದು ನನ್ನ ತಲೆಗೆ ಬಂದಿರಲಿಲ್ಲ ಅಂತಲ್ಲ. ಬಂದಾಗಲೆಲ್ಲ ಪಕ್ಕಕ್ಕೆ ಸರಿಸಿ ಕೆಲಸ ಮುಂದುವರಿಸಿದ್ದೆ.

ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಹತ್ತಿರ. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಬೆಟ್ಟ, ಅದು ದಾಟಿದರೆ ಯೂಟಾದ ಕೆಂಪು ಕಲ್ಲಿನ ಸೀಮೆ. ಸರ್ಕಾರಿ ಭೂಮಿ ಎಕರೆಗಟ್ಟಲೆ ಬಯಲಾಗಿ ಬಿದ್ದಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಜಾಗಗಳಲ್ಲಿ ಹೆಚ್ಚಿನ ಕಡೆ ದುಡ್ಡು ಕೊಡದೆ 14 ದಿನದವರೆಗೆ ಬಿಡಾರ ಹೂಡಬಹುದು. ಎರಡು ವರ್ಷ ಟೆಂಟ್ ಹೊತ್ತು ತಿರುಗಿದೆವು. ಒಂದು ರಾತ್ರಿ ಗಾಳಿಗೆ ಟೆಂಟಿನ ಕಡ್ಡಿ ಮುರಿದು, ಮಕ್ಕಳಿಬ್ಬರನ್ನೂ ಕಾರಿನಲ್ಲಿ ಕೂರಿಸಿ ಬೆಳಗು ಮಾಡಿದೆವು. ಅವತ್ತೇ ಇವರು, ನನ್ನ ಗಂಡ, ಅಂದರು, ನಾಲ್ಕು ಗೋಡೆ ಇರುವ ಗಾಡಿ ಬೇಕು ಅಂತ. ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಹೊಸ ಕ್ಯಾಂಪರ್ ವ್ಯಾನ್‌ಗಳ ಬೆಲೆ ನೋಡಿದರೆ ಊರಲ್ಲಿ ತೋಟ ಕೊಳ್ಳಬಹುದಿತ್ತು.

ಆಂಬುಲೆನ್ಸ್ ಸಿಕ್ಕಿದ್ದು ಹರಾಜಿನಲ್ಲಿ. ನಮ್ಮ ಜಿಲ್ಲೆಗಳಂಥ ಇಲ್ಲಿನ ಕೌಂಟಿಗಳು, ಅಗ್ನಿಶಾಮಕ ದಳಗಳು ಹಳೆಯ ಆಂಬುಲೆನ್ಸ್‌ಗಳನ್ನು ಆನ್‌ಲೈನ್ ಹರಾಜಿಗೆ ಹಾಕುತ್ತವೆ. ನಮ್ಮದು 2001ರ ಗಾಡಿ, ಡೀಸೆಲ್. ವ್ಯಾನಿನ ಮುಂಭಾಗಕ್ಕೆ ಹಿಂದೆ ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದ ಬಗೆ. ಇದಕ್ಕೆ ಟೈಪ್ ತ್ರೀ ಅನ್ನುತ್ತಾರೆ. ಲಾರಿ ಚಾಸಿಸ್ ಮೇಲೆ ಪೆಟ್ಟಿಗೆ ಕೂರಿಸಿದ್ದು ಟೈಪ್ ಒನ್, ಬರೀ ವ್ಯಾನಿಗೆ ಎತ್ತರದ ಚಾವಣಿ ಹಾಕಿದ್ದು ಟೈಪ್ ಟೂ. ಟೈಪ್ ತ್ರೀಯಲ್ಲಿ ಡ್ರೈವರ್ ಸೀಟಿನಿಂದ ಹಿಂದಿನ ಪೆಟ್ಟಿಗೆಗೆ ಒಳಗಿನಿಂದಲೇ ದಾರಿ ಇರುತ್ತದೆ. ಮಕ್ಕಳಿರುವವರಿಗೆ ಅದು ದೊಡ್ಡ ಅನುಕೂಲ.

ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು. ಕಿಲೋಮೀಟರ್ ನೋಡಿ ಮರುಳಾಗಬೇಡಿ. ನಮ್ಮ ಗಾಡಿ ಓಡಿದ್ದು 98,000 ಮೈಲಿ. ಆದರೆ ಎಂಜಿನ್ ಎಷ್ಟು ಗಂಟೆ ತಿರುಗಿದೆ ಅಂತ ತೋರಿಸುವ ಮೀಟರ್ ಬೇರೆ ಇರುತ್ತದೆ. ಅದರಲ್ಲಿ 7,900 ಗಂಟೆ ಇತ್ತು. ಭಾಗಿಸಿ ನೋಡಿ, ಗಂಟೆಗೆ 12 ಮೈಲಿ ಚಿಲ್ಲರೆ. ಅಂದರೆ ಆಸ್ಪತ್ರೆಯ ಮುಂದೆ, ಅಪಘಾತದ ಜಾಗದಲ್ಲಿ, ಯಾರದ್ದೋ ಮನೆ ಬಾಗಿಲಲ್ಲಿ ಎಂಜಿನ್ ಆರಿಸದೆ ನಿಂತ ಹೊತ್ತೇ ಜಾಸ್ತಿ. ಒಳಗಿನ ಉಪಕರಣಗಳಿಗೆ ಕರೆಂಟ್ ಬೇಕಲ್ವಾ. ನಿಂತಲ್ಲೇ ಓಡಿದರೂ ಎಂಜಿನ್ ಸವೆಯುತ್ತದೆ.

ಗಾಡಿ ಬಂದ ಮೊದಲ ವಾರ ನಾನು ಏನನ್ನೂ ಬಿಚ್ಚಲಿಲ್ಲ. ಸುಮ್ನೆ ಒಳಗೆ ಕೂತು ನೋಡಿದೆ. ಆರಡಿ ಎತ್ತರ, ಹನ್ನೆರಡಡಿ ಉದ್ದ. ನೆಲದ ವಿನೈಲ್ ಹಾಸು ಅಂಚಿನಲ್ಲಿ ಗೋಡೆಯ ಮೇಲಕ್ಕೂ ಒಂದು ಗೇಣು ಹತ್ತಿದೆ. ರಕ್ತವೋ ವಾಂತಿಯೋ ಮೂಲೆಯಲ್ಲಿ ಇಂಗಿ ಕೂರಬಾರದು, ನೀರು ಹಾಕಿ ತೊಳೆದರೆ ಹೋಗಬೇಕು ಅಂತ. ಕಪಾಟಿನ ಒಂದು ಮೂಲೆಯೂ ಚೂಪಾಗಿಲ್ಲ. ದೀಪಕ್ಕೆ ಎರಡು ಮಟ್ಟ, ಜೋರು ಮತ್ತು ಮೆಲ್ಲಗೆ. ಒಂದು ಕಡೆ ಉದ್ದನೆಯ ಬೆಂಚು. ತಲೆಯ ಕಡೆ ಒಂದು ಕುರ್ಚಿ, ಅದರಲ್ಲಿ ಕೂತವರ ಕೈಗೆ ಮಲಗಿದವರ ಮುಖ, ಆಮ್ಲಜನಕದ ನಳ, ಮೇಲಿನ ಕಪಾಟು ಮೂರೂ ಸಿಗುತ್ತವೆ. ಚಾವಣಿಯ ಉದ್ದಕ್ಕೂ ಸ್ಟೀಲಿನ ಹಿಡಿ, ಓಡುವ ಗಾಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ. ಒಳಗಿನ ಪ್ರತಿ ಅಳತೆಯೂ ಮಲಗಿದ ಒಬ್ಬ ಮನುಷ್ಯನನ್ನು ನಡುವೆ ಇಟ್ಟುಕೊಂಡು ಹಾಕಿದ್ದು. ಅದು ಅರ್ಥವಾದ ಮೇಲೆ ಗರಗಸ ಹಿಡಿಯಲು ಕೈ ಹಿಂಜರಿಯಿತು.

ಆಮೇಲೆ ಇದರ ಹಿಂದಿನ ಕಥೆ ಓದಲು ಕೂತೆ. 1960ರ ದಶಕದವರೆಗೂ ಅಮೆರಿಕದಲ್ಲಿ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆ ನಡೆಸುತ್ತಿದ್ದವರು ಹೆಣ ಸಾಗಿಸುವ, ಅಂತ್ಯಕ್ರಿಯೆ ಮಾಡಿಸುವ ಅಂಗಡಿಯವರು! ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರ. ಒಳಗೆ ನಿಲ್ಲಲು ಜಾಗ ಇಲ್ಲ, ರೋಗಿಯ ಪಕ್ಕ ಚಿಕಿತ್ಸೆ ಬಲ್ಲವರೂ ಇಲ್ಲ. ಬರೀ ಸಾಗಾಟ. 1966ರಲ್ಲಿ ಅಲ್ಲಿನ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಒಂದು ವರದಿ ಕೊಟ್ಟು, ಅಪಘಾತದಲ್ಲಿ ಗಾಯಗೊಂಡವರನ್ನು ದೇಶ ಕೈಬಿಟ್ಟಿದೆ ಅಂತ ಹೇಳಿತು. ಮರುವರ್ಷ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಮ್ ಹೌಸ್ ಆಂಬುಲೆನ್ಸ್ ಸೇವೆ ಶುರುವಾಯಿತು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡ ಬಡಾವಣೆಯ ಕಪ್ಪು ಜನಾಂಗದ ತರುಣರು. ಕೆಲಸ ಸಿಗದವರು ಅಂತ ಊರು ಬದಿಗಿಟ್ಟಿದ್ದವರು. ಡಾಕ್ಟರ್ ಪೀಟರ್ ಸಫರ್ ಅವರಿಗೆ ತಿಂಗಳುಗಟ್ಟಲೆ ತರಬೇತಿ ಕೊಡಿಸಿದರು. ದಾರಿಯಲ್ಲೇ ಚಿಕಿತ್ಸೆ ಶುರು ಮಾಡಿ ರೋಗಿಯನ್ನು ತಂದ ಮೊದಲ ತಂಡಗಳಲ್ಲಿ ಅದೊಂದು. 1975ರಲ್ಲಿ ನಗರಸಭೆ ತನ್ನದೇ ಸೇವೆ ಶುರು ಮಾಡಿದಾಗ ಫ್ರೀಡಮ್ ಹೌಸ್ ಮುಚ್ಚಿತು. ಆದರೆ ಅವರು ಮಾಡಿ ತೋರಿಸಿದ್ದು ಉಳಿಯಿತು. ನನ್ನ ಗಂಡ ತಲೆ ತಗ್ಗಿಸದೆ ನಿಂತು ಸಾರು ಕುದಿಸುವ ಆ ಆರಡಿ ಎತ್ತರ ಸುಮ್ನೆ ಬಂದದ್ದಲ್ಲ.

ಗಾಡಿಯ ಮೇಲಿನ ನೀಲಿ ನಕ್ಷತ್ರಕ್ಕೂ ಕಥೆ ಇದೆ. ಮೊದಲು ಆಂಬುಲೆನ್ಸ್‌ಗಳ ಮೇಲೆ ಕಿತ್ತಳೆ ಬಣ್ಣದ ಶಿಲುಬೆಯ ಗುರುತು ಇರುತ್ತಿತ್ತು. ಅದು ತಮ್ಮ ಕೆಂಪು ಶಿಲುಬೆಯ ಹಾಗೇ ಕಾಣುತ್ತದೆ ಅಂತ 1973ರಲ್ಲಿ ರೆಡ್ ಕ್ರಾಸ್‌ನವರು ತಕರಾರು ತೆಗೆದರು. ಆಗ ಹೆದ್ದಾರಿ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿದ್ದ ಲಿಯೋ ಶ್ವಾರ್ಟ್ಸ್ ಅನ್ನುವವರು ಆರು ಪಟ್ಟಿಯ ನಕ್ಷತ್ರ ಬರೆದರು. ನಡುವೆ ಕೋಲಿಗೆ ಸುತ್ತಿದ ಹಾವು. ಆರು ಪಟ್ಟಿ ಅಂದರೆ ಆರು ಕೆಲಸ: ತೊಂದರೆ ಗುರುತಿಸುವುದು, ತಿಳಿಸುವುದು, ಹೊರಟು ಬರುವುದು, ಸ್ಥಳದಲ್ಲಿ ಆರೈಕೆ, ದಾರಿಯಲ್ಲಿ ಆರೈಕೆ, ಆಸ್ಪತ್ರೆಗೆ ಒಪ್ಪಿಸುವುದು. 1977ರ ಫೆಬ್ರವರಿ 1ರಂದು ಅದು ನೋಂದಣಿಯಾಯಿತು. ಹಾಗಾಗಿ ಗಾಡಿ ನಿವೃತ್ತಿಯಾದ ಮೇಲೆ ಅದನ್ನು ತೆಗೆಯಲೇಬೇಕು. ಕೆಂಪು ದೀಪ, ಸೈರನ್, ಬಾನೆಟ್ ಮೇಲಿನ ಉಲ್ಟಾ ಅಕ್ಷರ ಎಲ್ಲಾ ತೆಗೆಯಬೇಕು.

ಸ್ಟಿಕ್ಕರ್ ಸುಲಿದೆವು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪ್ಲಾಸ್ಟಿಕ್ ಬ್ಲೇಡಿನಿಂದ ನಿಧಾನ ಎಬ್ಬಿಸಿದರೆ ಬರುತ್ತದೆ. ಇಪ್ಪತ್ತು ವರ್ಷದ ಬಿಸಿಲಿಗೆ ಸುತ್ತಲಿನ ಬಿಳಿ ಬಣ್ಣ ಮಂಕಾಗಿತ್ತು. ಸ್ಟಿಕ್ಕರಿನ ಅಡಿ ಹೊಸದರಂತೆ ಹೊಳೆಯುತ್ತಿತ್ತು. ಸ್ಟಿಕ್ಕರ್ ಹೋಯಿತು, ನಕ್ಷತ್ರದ ಆಕಾರ ಹಾಗೇ ನಿಂತಿತು. ಇವರು ಮೇಲೆ ಬಣ್ಣ ಬಳಿಯೋಣ ಅಂದರು. ನಾನು ಬೇಡ ಅಂದೆ. ನನಗೆ ಅದು ಇಷ್ಟವಾಗಿತ್ತು. ಗಾಡಿಯ ಹಳೇ ಬದುಕಿಗೆ ಮರ್ಯಾದೆ ಕೊಟ್ಟ ಹಾಗೆ ಅನ್ನಿಸಿತ್ತು.

ಮುಂದಿನ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ತಪ್ಪು ಬಿಟ್ಟು. ಚಾವಣಿಯ ಅಂಚಿನ ದೀಪಗಳನ್ನು ಬಿಚ್ಚಿದ ತೂತುಗಳಿಗೆ ಆತುರದಲ್ಲಿ ಬರೀ ಸಿಲಿಕಾನ್ ತುಂಬಿದೆ. ಮೊದಲ ಮಳೆಗೇ ನೀರು ಗೋಡೆಯೊಳಗೆ ಇಳಿದು, ಹೊಸದಾಗಿ ಹಾಕಿದ್ದ ಪ್ಲೈವುಡ್ ಉಬ್ಬಿತು. ಎಲ್ಲಾ ಕಿತ್ತು, ಪ್ರತಿ ತೂತಿಗೂ ಅಲ್ಯೂಮಿನಿಯಂ ತಗಡಿನ ತೇಪೆ ಹಾಕಿ, ಅಂಚಿಗೆ ಸೀಲಂಟ್ ಕೊಟ್ಟು ರಿವೆಟ್ ಹೊಡೆದೆ. ಮೂವತ್ತೊಂದು ತೇಪೆ. ಮಲೆನಾಡಲ್ಲಿ ಹುಟ್ಟಿದವಳಿಗೆ ಸೋರುವ ಸೂರಿನ ಸಂಕಟ ಗೊತ್ತಿರಬೇಕಿತ್ತು.

ಕರೆಂಟಿನ ವ್ಯವಸ್ಥೆ ಮಾತ್ರ ನನ್ನ ಪ್ರೀತಿಯ ಭಾಗ. ಮಕ್ಕಳು ಮಲಗುವ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಾಗಾಗಿ ಇಂಡಕ್ಷನ್ ಒಲೆ. ಅದಕ್ಕೆ 12 ವೋಲ್ಟಿನ 400 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಅಂದರೆ ಹತ್ತಿರ ಹತ್ತಿರ 5 ಯೂನಿಟ್. ಕುಕ್ಕರಿನಲ್ಲಿ ಅನ್ನ, ಬೇಳೆ ಒಟ್ಟಿಗೆ ಬೇಯಿಸಿದರೆ ಅರ್ಧ ಯೂನಿಟ್ ಕೂಡ ಹೋಗುವುದಿಲ್ಲ. ಚಾವಣಿಯ ಸೋಲಾರ್ ಅದನ್ನು ಒಳ್ಳೆ ಬಿಸಿಲಿದ್ದರೆ ಮಧ್ಯಾಹ್ನದೊಳಗೆ ತುಂಬುತ್ತದೆ. ಈ ಬಗೆಯ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಕೆಟ್ಟುಹೋಗುತ್ತದೆ. ಅದಕ್ಕೇ ಹೊರಗಿನ ಪೆಟ್ಟಿಗೆಯಲ್ಲಿ ಇಡದೆ ಬೆಂಚಿನ ಅಡಿ, ಬೆಚ್ಚಗಿರುವಲ್ಲಿ ಇಟ್ಟೆ. ಆಮ್ಲಜನಕದ ದೊಡ್ಡ ಸಿಲಿಂಡರ್ ನಿಲ್ಲುತ್ತಿದ್ದ ಗೂಡಿನಲ್ಲಿ ಈಗ ಕುಡಿಯುವ ನೀರಿನ ಟ್ಯಾಂಕ್.

ವಿಮೆ ಸಿಗುವುದು ಕಷ್ಟವಾಯಿತು. ಆಂಬುಲೆನ್ಸ್ ಅಂದ ಕೂಡಲೇ ಫೋನ್ ಇಡುತ್ತಿದ್ದರು. ಒಲೆ, ಫ್ರಿಜ್, ಶೌಚಾಲಯ, ಸಿಂಕ್ ಸಮೇತ ನೀರು, ಕಾವು ಅಥವಾ ತಂಪಿನ ವ್ಯವಸ್ಥೆ, ಮನೆಯ ಕರೆಂಟ್. ಈ ಆರರಲ್ಲಿ ನಾಲ್ಕಾದರೂ ಇದ್ದರೆ ಮೋಟರ್ ಹೋಮ್ ಅಂತ ಬಹಳ ರಾಜ್ಯಗಳು ಒಪ್ಪುತ್ತವೆ. ಫೋಟೋ ಹಿಡಿದು ಓಡಾಡಿ, ಕಾಗದದ ಮೇಲೆ ಹೆಸರು ಬದಲಾದ ಮೇಲೆ ಒಬ್ಬರು ಒಪ್ಪಿದರು.

ಇಷ್ಟೆಲ್ಲ ಆದ ಗಾಡಿಯ ಮುಂದೆ ಅಮ್ಮ ಅವತ್ತು ನಿಂತಿದ್ದಳು.

ಅವಳನ್ನು ಒಳಗೆ ಹತ್ತಿಸಿದ್ದು ನಾನಲ್ಲ, ನನ್ನ ಮಗಳು. ಕಪಾಟುಗಳ ಮೇಲಿನ ಹಳೇ ಚೀಟಿಗಳನ್ನು ಮಕ್ಕಳು ಕೀಳಲು ಬಿಟ್ಟಿರಲಿಲ್ಲ. ಉಸಿರಾಟದ ಸಾಮಾನಿಗೆ 'ಏರ್‌ವೇ' ಅಂತ ಇರುವಲ್ಲಿ ತಟ್ಟೆ ಲೋಟ, ಗಾಯದ ಸಾಮಾನಿಗೆ 'ಟ್ರಾಮಾ' ಅಂತ ಇರುವಲ್ಲಿ ಮಸಾಲೆ ಡಬ್ಬಿ. ಮಗಳು ಒಂದೊಂದನ್ನೂ ಅಜ್ಜಿಗೆ ಓದಿ ಹೇಳಿದಳು. "ಇದು ಓಬಿ ಕಿಟ್. ಪಾಪು ಹುಟ್ಟೋಕೆ ಬೇಕಾದ್ದು ಇಲ್ಲಿ ಇಡ್ತಿದ್ರಂತೆ ಅಜ್ಜಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರೆ ಬಂದವರೂ ಇದ್ದಾರೆ ಅನ್ನು" ಅಂದು, ಸೆರಗು ಸಿಕ್ಕಿಸಿಕೊಂಡು, ಹಿಡಿ ಹಿಡಿದು ಹತ್ತಿದಳು.

ಒಳಗೆ ಬಂದವಳು ಹೊರಗಿನಿಂದ ಬಾಗಿಲಿರುವ ಎತ್ತರದ, ಇಕ್ಕಟ್ಟಾದ ಗೂಡನ್ನು ತೋರಿಸಿ "ಇಲ್ಲಿ ಎಂತ ಇಡ್ತಿದ್ರು ಮಾರಾಯ್ತಿ?" ಅಂದಳು. ಬೆನ್ನುಮೂಳೆಗೆ ಪೆಟ್ಟಾದವರನ್ನು ಅಲುಗಿಸದೆ ಎತ್ತುವ ಹಲಗೆ ಇಡುವ ಜಾಗ ಅಂದೆ. ಅಮ್ಮನ ಕೈ ಅಲ್ಲೇ ನಿಂತಿತು. ನನಗೂ ಅವಳು ಏನು ನೆನೆದಳು ಅಂತ ಗೊತ್ತಾಯಿತು.

1991ರ ಮಳೆಗಾಲ. ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದ ನಮ್ಮ ಕೊನೆಗಾರ ಕೊಳೆರೋಗಕ್ಕೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಿದ್ದವನು ಜಾರಿ ಬಿದ್ದ. ಮಳೆ ಬಿಟ್ಟ ಒಂದು ಗಳಿಗೆ ನೋಡಿ ಹತ್ತಿದ್ದ. ಸಿಕ್ಕಿದ್ದು ಒಂದು ಜೀಪು. ಅದರ ಹಿಂದಿನ ಸೀಟಿಗೆ ಅವನ ಉದ್ದಕ್ಕೆ ಜಾಗ ಸಾಲದೆ ಮಡಚಿ ಕೂರಿಸಿದರು. ಎರಡೂ ಕಡೆ ಇಬ್ಬರು ಹಿಡಿದುಕೊಂಡರು. ಒಬ್ಬರು ನಮ್ಮಪ್ಪ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲ ಮುಟ್ಟುವಷ್ಟರಲ್ಲಿ ಅವನಿಗೆ ಕಾಲು ತನ್ನದು ಅನ್ನಿಸುತ್ತಿರಲಿಲ್ಲವಂತೆ. ಬಿದ್ದಾಗಲೇ ಹೋಗಿತ್ತೋ, ದಾರಿಯಲ್ಲಿ ಹೋಯಿತೋ, ಯಾರಿಗೆ ಗೊತ್ತು. ಅವನು ಆಮೇಲೆ ನಡೆಯಲಿಲ್ಲ. ಅಪ್ಪ ಕೊನೆಯವರೆಗೂ ಆ ಜೀಪಿನ ಮಾತು ಎತ್ತಲಿಲ್ಲ. ಕರ್ನಾಟಕಕ್ಕೆ 108 ಬಂದದ್ದು 2008ರ ನವೆಂಬರ್ 1ಕ್ಕೆ. ಹದಿನೇಳು ವರ್ಷ ತಡ.

"ಅವತ್ತು ಇಂಥ ಒಂದು ಹಲಗೆ..." ಅಂದು ಅಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಮಾರನೇ ದಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿದಳು.

2024ರ ಜೂನ್‌ನಲ್ಲಿ ಐದೂ ಜನ ಹೊರಟೆವು. ನೆವಾಡಾದ ಗ್ರೇಟ್ ಬೇಸಿನ್‌ವರೆಗೆ ಹೋಗಿ, ಸಾವಿರಾರು ವರ್ಷದ ಬ್ರಿಸಲ್‌ಕೋನ್ ಪೈನ್ ಮರಗಳನ್ನು ಅಮ್ಮನಿಗೆ ತೋರಿಸುವ ಆಸೆ. ದಾರಿಯಲ್ಲಿ ಯೂಟಾದ ಗ್ರೀನ್ ರಿವರ್ ದಾಟಿದ ಮೇಲೆ ಸಲೈನಾ ಬರುವವರೆಗೆ ನೂರು ಮೈಲಿಗೂ ಹೆಚ್ಚು ದೂರ ಹೆದ್ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇಲ್ಲ. ಆ ಸೀಮೆಗೆ ಸ್ಯಾನ್ ರಫೇಲ್ ಸ್ವೆಲ್ ಅನ್ನುತ್ತಾರೆ. ಬಂಡೆಗಳು ಅಲೆ ಎದ್ದು ಅಲ್ಲೇ ಕಲ್ಲಾದ ಹಾಗೆ. ರಾತ್ರಿ ಅಲ್ಲೇ ಉಳಿಯೋಣ ಅಂತ ಹೆದ್ದಾರಿ ಬಿಟ್ಟು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಮಣ್ಣಿನ ದಾರಿಯಲ್ಲಿ ಆರೇಳು ಮೈಲಿ ಒಳಗೆ ಹೋದೆವು.

ಒಂದು ತಿರುವಿನಲ್ಲಿ ಒಬ್ಬ ಮನುಷ್ಯ ಎರಡೂ ಕೈ ಬೀಸುತ್ತಾ ಓಡಿ ಬಂದ. ಅರವತ್ತರ ವಯಸ್ಸು. ಮುಖ ಕೆಂಪಾಗಿತ್ತು. ಇವರು ಕಿಟಕಿ ಇಳಿಸುವ ಮೊದಲೇ ಕೇಳಿದ, "ಇಷ್ಟು ಬೇಗ ಹೇಗೆ ಬಂದಿರಿ?"

ನಮಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅವನ ಹೆಂಡತಿ ಕಣಿವೆಯಲ್ಲಿ ನಡೆದು ಬಂದು, ಬಿಸಿಲಿಗೆ ಕುಸಿದಿದ್ದಳು. ಇನ್ನೊಂದು ಕಾರಿನವರು ಸಿಗ್ನಲ್ ಹುಡುಕಿ ಫೋನ್ ಮಾಡುತ್ತೇವೆ ಅಂತ ಆಗಷ್ಟೇ ಹೋಗಿದ್ದರು. ಇವನು ದಾರಿ ನೋಡುತ್ತಾ ನಿಂತಿದ್ದಾಗ ದೂರದಲ್ಲಿ ಬಿಳಿ ಪೆಟ್ಟಿಗೆ, ಅದರ ಮೇಲೆ ಇಳಿಬಿಸಿಲಿಗೆ ಹೊಳೆಯುವ ನಕ್ಷತ್ರ ಕಂಡಿದೆ.

"ನಾವು ಆಂಬುಲೆನ್ಸ್ ಅಲ್ಲ" ಅಂತ ಇವರು ಹೇಳಿದರು. ಆ ಮನುಷ್ಯನ ಮುಖ ನೋಡಿದೆ. ಅದನ್ನು ನಾನು ಮರೆಯಲಾರೆ.

ಆಕೆ ಕಾರಿನ ನೆರಳಿಗೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು, ವಾಂತಿ ಆಗಿತ್ತು, ಮಾತು ಮಾತ್ರ ಸರಿಯಾಗಿತ್ತು. ಇಬ್ಬರೂ ಹಿಡಿದು ತಂದು ಬೆಂಚಿನ ಮೇಲೆ ಮಲಗಿಸಿದೆವು. ಕಾಲಡಿ ದಿಂಬು ಇಟ್ಟೆವು. ಎಂಜಿನ್ ಓಡಿಸಿ ಏಸಿ ಹಾಕಿದೆವು. ಕತ್ತು, ಕಂಕುಳಿಗೆ ಒದ್ದೆ ಬಟ್ಟೆ. ಮಗ ರಟ್ಟು ಹಿಡಿದು ಗಾಳಿ ಬೀಸಿದ. ಅಮ್ಮ ಯಾರನ್ನೂ ಕೇಳದೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿದಳು. ಊರಲ್ಲಿ ಆಶಾ ಕಾರ್ಯಕರ್ತೆ ಹೇಳಿಕೊಟ್ಟ ಅಳತೆ. ಮೇಲೆ ಒಂದು ನಿಂಬೆಹಣ್ಣು ಹಿಂಡಿದಳು. ಗುಟುಕು ಗುಟುಕಾಗಿ ಕುಡಿಸುತ್ತಾ, ಆಕೆಗೆ ಅರ್ಥವಾಗದ ಕನ್ನಡದಲ್ಲಿ "ಎಂತ ಆಗಲ್ಲ, ಎಂತ ಆಗಲ್ಲ ಕಣಮ್ಮ" ಅಂತಿದ್ದಳು. ಸಿಗ್ನಲ್ ಇಲ್ಲದಿದ್ದರೂ ಉಪಗ್ರಹದ ಮೂಲಕ ಸಹಾಯ ಕೇಳುವ ಫೋನಿನ ಸ್ಯಾಟಲೈಟ್ ಎಸ್‌ಓಎಸ್‌ನಿಂದಲೂ ನಾನು ಸಂದೇಶ ಕಳಿಸಿದೆ.

ನಿಜವಾದ ಆಂಬುಲೆನ್ಸ್ ಬರಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆಕೆಯ ಮುಖಕ್ಕೆ ಬಣ್ಣ ಬಂದಿತ್ತು. ಬಂದವರು ಇಬ್ಬರು. ಅವರಲ್ಲಿ ಒಬ್ಬಳು ಹುಡುಗಿ ನಮ್ಮ ಗಾಡಿ ಹತ್ತಿದಳು. ಹತ್ತುವಾಗ ಮೇಲೆ ನೋಡಲೇ ಇಲ್ಲ. ಕೈ ತಾನಾಗಿ ಚಾವಣಿಗೆ ಹೋಗಿ ಹಿಡಿಯನ್ನು ಹಿಡಿಯಿತು. ತಲೆಯ ಕಡೆಯ ಕುರ್ಚಿಯಲ್ಲಿ ಕೂತಳು. ಬಿಪಿ ನೋಡಿದಳು, ಅಮ್ಮನ ಲೋಟ ಮೂಸಿ ನೋಡಿ ತಲೆಯಾಡಿಸಿದಳು.

ಹೊರಡುವಾಗ ನನ್ನನ್ನು ಗಾಡಿಯ ಪಕ್ಕಕ್ಕೆ ಕರೆದಳು. ನಕ್ಷತ್ರದ ಗುರುತಿನ ಮೇಲೆ ಅಂಗೈ ಇಟ್ಟಳು. "ದೂರದಿಂದ ನಾನೂ ನಮ್ಮವರೇ ಬಂದಿದ್ದಾರೆ ಅಂದುಕೊಂಡೆ. ಇದಕ್ಕೆ ಬಣ್ಣ ಬಳಿದುಬಿಡಿ" ಅಂದಳು. ಬೈಯುವ ದನಿ ಇರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರ್ಯಾದೆ ಅಂದುಕೊಂಡು ನಾನು ಉಳಿಸಿಕೊಂಡದ್ದು ನೋಡಿದವರಿಗೆ ಒಂದು ಮಾತಾಗಿತ್ತು. ಬರುತ್ತೇವೆ, ನಿಮ್ಮ ಕೈ ಬಿಡುವುದಿಲ್ಲ ಅನ್ನುವ ಮಾತು. ಅದನ್ನು ನಡೆಸಿಕೊಡಲು ಬೇಕಾದ ವಿದ್ಯೆ ನಮ್ಮಲ್ಲಿರಲಿಲ್ಲ. ಆಕೆಗೆ ಎದೆನೋವಾಗಿದ್ದರೆ? ಬಂಡೆಯಿಂದ ಬಿದ್ದು ಬೆನ್ನು ಮುರಿದಿದ್ದರೆ? ನಾವೂ ಆ ಜೀಪಿನವರ ಹಾಗೆ, ಒಳ್ಳೇ ಮನಸ್ಸಿನಿಂದ ಮಡಚಿ ಕೂರಿಸುತ್ತಿದ್ದೆವು. ಅಮ್ಮ ಅದೇ ಬೆಂಚಿನ ಮೇಲೆ ಮಲಗಿದ್ದಳು. ಗಾಢ ನಿದ್ದೆ.

ಮರ ನೋಡಿಕೊಂಡು ಮನೆಗೆ ಬಂದ ಮೇಲೆ ನಾನೂ ಇವರೂ ಕಾಡುಮೇಡಿನ ಪ್ರಥಮ ಚಿಕಿತ್ಸೆಯ ಎರಡು ದಿನದ ತರಬೇತಿಗೆ ಹೋದೆವು. ಬೆನ್ನಿಗೆ ಪೆಟ್ಟಾದವರನ್ನು ಹೇಗೆ ಅಲುಗಿಸಬಾರದು ಅನ್ನುವುದನ್ನು ಒಂದಿಡೀ ಮಧ್ಯಾಹ್ನ ಕಲಿಸಿದರು. ಆಮೇಲೆ ಉಪ್ಪುಕಾಗದ ಹಿಡಿದು ನಕ್ಷತ್ರವನ್ನು ಉಜ್ಜಿದೆ. ಬಣ್ಣ ಯಾವುದು ಅಂತ ಮಕ್ಕಳು ಜಗಳ ಆಡುತ್ತಿದ್ದಾಗ ಅಮ್ಮ "ಒಣಗಿದ ಹಾಳೆ ಬಣ್ಣ ಬಳಿ, ಕೊಳೆ ಕಾಣಲ್ಲ" ಅಂದಳು. ಅಡಿಕೆ ಹಾಳೆಯ ಬಣ್ಣಕ್ಕೆ ಹತ್ತಿರದ್ದು ಮೂರನೇ ಅಂಗಡಿಯಲ್ಲಿ ಸಿಕ್ಕಿತು.

ಎರಡನೇ ಕೋಟ್ ಒಣಗುವ ಹೊತ್ತಿಗೆ ಒಳಗೆ ಇಣುಕಿದೆ. ಅಮ್ಮ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೀನ್ಸ್ ಸೋಸುತ್ತಿದ್ದಳು.

"ಒಳಗಡೆಗೂ ಬಳಿತೀಯನೇ?"

"ಇಲ್ಲಮ್ಮ, ಹೊರಗೆ ಮಾತ್ರ."

"ಹಾಂ. ಆ ಹೆರಿಗೆ ಚೀಟಿ ಹಂಗೇ ಇರಲಿ" ಅಂದು ಇನ್ನೊಂದು ಬೀನ್ಸ್ ಮುರಿದಳು.